ನಿವೃತ್ತ ಪ್ರಾಧ್ಯಾಪಕರ ಬದುಕನ್ನು ದಾಖಲಿಸಬೇಕು, ಎಲ್ಲಿಂದ ಶುರು ಮಾಡುವುದು?

ಮನೆಕಪಾಟು (ಪ್ರಶ್ನೆ)

ಎಂಬತ್ತು ದಾಟಿದ ನಿವೃತ್ತ ಪ್ರಾಧ್ಯಾಪಕರೊಬ್ಬರ ಬದುಕನ್ನು ಮನೆಯವರಿಗೂ ಸುತ್ತಲಿನವರಿಗೂ ಉಳಿಯುವ ಹಾಗೆ ದಾಖಲಿಸಬೇಕಿದೆ. ಪ್ರಕಟವಾದ ಲೇಖನ, ಪುಸ್ತಕಗಳ ಪಟ್ಟಿ ಸಿದ್ಧವಿದೆ, ಅದರ ಚಿಂತೆಯಿಲ್ಲ. ತೊಡಕಿರುವುದು ನಿವೃತ್ತಿಯ ನಂತರದ್ದರಲ್ಲಿ. ಮೊಮ್ಮಕ್ಕಳನ್ನು ಬೆಳೆಸಿದ್ದು, ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದು, ವಾಚನಾಲಯ ನಡೆಸಿದ್ದು, ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಟ್ಟಿದ್ದು: ಇವಕ್ಕೆಲ್ಲ ಕಾಗದದ ಸಾಕ್ಷಿ ಇಲ್ಲವೇ ಇಲ್ಲ ಅನ್ನಬಹುದು.

ಇರುವ ಸಾಮಗ್ರಿ ಇಷ್ಟು. ಮೂರು ಕಪಾಟು ತುಂಬ ಪುಸ್ತಕ, ಪಾಠದ ಟಿಪ್ಪಣಿ, ಪತ್ರಗಳು. ಅಂಟು ಹಾಳೆಯ ಫೋಟೊ ಆಲ್ಬಂಗಳು. ಒಂದು ಡಬ್ಬಿ ಕ್ಯಾಸೆಟ್, ಕೆಲವು ಫ್ಲಾಪಿ, ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು. ಅವರಿಗೆ ಕಿವಿ ಸ್ವಲ್ಪ ಮಂದ, ಗಂಟೆ ಹೊತ್ತು ಮಾತಾಡಿದರೆ ದಣಿಯುತ್ತಾರೆ, ನೆನಪು ಮಾತ್ರ ಗಟ್ಟಿ. ಮೊದಲು ಯಾವುದಕ್ಕೆ ಕೈ ಹಾಕಬೇಕು? ದುಬಾರಿ ಉಪಕರಣ ಬೇಕೇ? ಏನನ್ನು ಎಸೆಯಬಹುದು?

ಧ್ವನಿಸುರುಳಿ

ಮೊದಲು ಧ್ವನಿ. ಕಾಗದ ಇನ್ನೊಂದು ವರ್ಷ ಕಾಯುತ್ತದೆ, ಎಂಬತ್ತು ದಾಟಿದವರ ನೆನಪನ್ನು ಕಾಯಿಸಬಾರದು. ಅದೂ ಅಲ್ಲದೆ ನೀವು ಹೇಳಿದ ನಿವೃತ್ತಿಯ ನಂತರದ ಬದುಕು ಇರುವುದು ಅವರ ಮಾತಿನಲ್ಲಿ ಮತ್ತು ಅವರ ಸುತ್ತ ಇದ್ದವರ ಮಾತಿನಲ್ಲಿ ಮಾತ್ರ.

ದುಬಾರಿ ಉಪಕರಣ ಬೇಡ. ಮೊಬೈಲ್, ಕಾಲರಿಗೆ ಸಿಕ್ಕಿಸುವ ಒಂದು ತಂತಿ ಮೈಕ್, ಒಂದು ಹೆಡ್‌ಫೋನ್ ಸಾಕು. ಮೊಬೈಲಿನಲ್ಲೇ ಬಂದಿರುವ ರೆಕಾರ್ಡರ್ ಸಾಮಾನ್ಯವಾಗಿ ಧ್ವನಿಯನ್ನು ಕುಗ್ಗಿಸಿ ಉಳಿಸುತ್ತದೆ. ಹಾಗಾಗಿ ಧ್ವನಿಯನ್ನು ಕುಗ್ಗಿಸದೆ ವೇವ್ (WAV) ಕಡತವಾಗಿ ಉಳಿಸುವ ಆ್ಯಪ್ ಹಾಕಿಕೊಂಡು 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಇಡಿ. ಗಂಟೆಗೆ ಸುಮಾರು 520 ಎಂಬಿ ಜಾಗ ಹಿಡಿಯುತ್ತದೆ. ಸ್ವಯಂಚಾಲಿತ ಧ್ವನಿಮಟ್ಟದ ಆಯ್ಕೆ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಅವರು ಮಾತು ನಿಲ್ಲಿಸಿದಾಗಲೆಲ್ಲ ಫ್ಯಾನಿನ ಸದ್ದು ಏರಿಬರುತ್ತದೆ. ಗಟ್ಟಿಯಾಗಿ ಮಾತಾಡಿದಾಗ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿ ಆಮೇಲೆ ಪೂರ್ತಿ ಸರಿಹೋಗುವುದಿಲ್ಲ.

ಮೈಕ್ ಗದ್ದದಿಂದ ಒಂದು ಗೇಣು ಕೆಳಗಿರಲಿ. ಶಾಲು, ಜೇಬಿನ ಪೆನ್ನು, ಕನ್ನಡಕದ ದಾರ ಅದಕ್ಕೆ ತಾಗದಂತೆ ನೋಡಿ. ಇಡೀ ಧ್ವನಿಮುದ್ರಣ ಕೆಡುವುದಕ್ಕೆ ಹೆಚ್ಚಿನ ಸಲ ಈ ಸವರಾಟವೇ ಕಾರಣ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಕರೆ ಬಂದರೆ ಕೆಲವು ಆ್ಯಪ್‌ಗಳು ಅಲ್ಲೇ ನಿಂತುಬಿಡುತ್ತವೆ. ಪುಸ್ತಕದ ಕಪಾಟು, ಪರದೆ, ಹಾಸಿಗೆ ಇರುವ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಒಂದು ನಿಮಿಷ ಮುದ್ರಿಸಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಮುಂದುವರಿಯಿರಿ.

ಕಿವಿ ಮಂದ ಇರುವವರ ಹತ್ತಿರ ಕೂಗಬೇಡಿ. ಎದುರಿಗೆ ಕುಳಿತು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನೋಡಿಕೊಂಡು, ಕೀರಲಾಗದ ತಗ್ಗು ಸ್ಥಾಯಿಯಲ್ಲಿ, ಸ್ಪಷ್ಟವಾಗಿ, ನಿಧಾನವಾಗಿ ಕೇಳಿ. ಒಂದು ಸಲಕ್ಕೆ 45 ನಿಮಿಷ, ಹೆಚ್ಚೆಂದರೆ ಒಂದು ಗಂಟೆ. ಮಧ್ಯೆ ಒಂದೆರಡು ದಿನ ಬಿಡಿ. ಆ ಬಿಡುವಿನಲ್ಲೇ "ಇನ್ನೊಂದು ಹೇಳುವುದಿತ್ತು" ಅನ್ನುವುದು ಹೊಳೆಯುತ್ತದೆ.

ಪ್ರಶ್ನೆ ಕೇಳುವ ಬಗೆಗೆ ಬರೋಣ, ಜಾಸ್ತಿ ಜನ ಎಡವುವುದು ಇಲ್ಲಿ. ಪ್ರಾಧ್ಯಾಪಕರಿಗೆ ಮೂರು ನಾಲ್ಕು ದಶಕ ಪಾಠ ಮಾಡಿ ಅಭ್ಯಾಸ. "ನಿಮ್ಮ ಬದುಕಿನ ಬಗ್ಗೆ ಹೇಳಿ" ಅಂದರೆ ಪೀಠಿಕೆಯಿಂದ ಉಪಸಂಹಾರದವರೆಗೆ ಚೊಕ್ಕವಾದ ಭಾಷಣ ಕೊಡುತ್ತಾರೆ. ಹತ್ತಾರು ಸಲ ಹೇಳಿ ನಯವಾದ ಪ್ರಸಂಗಗಳೇ ಅದರಲ್ಲಿರುತ್ತವೆ. ಅದನ್ನು ದಾಟಬೇಕಾದರೆ ಸಣ್ಣದನ್ನು ಕೇಳಬೇಕು. ಮಕ್ಕಳಿಗೆ ಪಾಠ ಹೇಳುತ್ತಿದ್ದ ಜಾಗದ ನಕ್ಷೆಯನ್ನು ಅವರ ಕೈಯಲ್ಲೇ ಬಿಡಿಸಿ. ಬಾಗಿಲು ಎಲ್ಲಿ, ಹಲಗೆ ಯಾವ ಗೋಡೆಗೆ, ಚಿಕ್ಕವರು ಎಲ್ಲಿ ಕೂರುತ್ತಿದ್ದರು, ದೀಪ ಹೋದರೆ ಏನು ಮಾಡುತ್ತಿದ್ದಿರಿ? ಗೆರೆ ಎಳೆಯುತ್ತ ಎಳೆಯುತ್ತ ಯಾರು ಭಿನ್ನರಾಶಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು, ಯಾರು ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದರು ಎಂಬುದೆಲ್ಲ ತಾನಾಗಿ ಬರುತ್ತದೆ. ಆ ಹಾಳೆಗೆ ದಿನಾಂಕ ಹಾಕಿ ಇಟ್ಟುಕೊಳ್ಳಿ, ಅದೂ ದಾಖಲೆಯೇ.

ಇನ್ನೊಂದು ವಿಷಯ. ವಯಸ್ಸಾದವರಿಗೆ ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪು ದಟ್ಟವಾಗಿರುತ್ತದೆ, ಅರವತ್ತರ ನಂತರದ್ದು ಒಂದರ ಮೇಲೊಂದು ಕುಳಿತು ಕಲಸಿಹೋಗಿರುತ್ತದೆ. ಆದ್ದರಿಂದ ನಿವೃತ್ತಿಯ ನಂತರದ್ದನ್ನು ಇಸವಿ ಹಿಡಿದು ಕೇಳಬೇಡಿ, ದಿನಚರಿ ಹಿಡಿದು ಕೇಳಿ. ಬೆಳಗ್ಗೆ ಮೊದಲು ಬಾಗಿಲು ತಟ್ಟುತ್ತಿದ್ದವರು ಯಾರು? ವಾಚನಾಲಯದ ಬೀಗದ ಕೈ ಯಾರ ಹತ್ತಿರ? ಉತ್ತರ ಮುಗಿಯಿತು ಅನ್ನಿಸಿದ ಮೇಲೂ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಇಸವಿ ತಪ್ಪಿದರೆ ಅಲ್ಲೇ ತಿದ್ದಬೇಡಿ, ಕಾಗದದ ಮೇಲೆ ಗುರುತು ಹಾಕಿಕೊಂಡು ಆಮೇಲೆ ಹೊಂದಿಸಿ.

ಬಾಳಸಂಗಾತಿ ಇದ್ದರೆ ಅವರನ್ನು ಬೇರೆಯಾಗಿ ಮಾತಾಡಿಸಿ. ಜೊತೆಗೆ ಕೂರಿಸಿದರೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ತಲೆಯಾಡಿಸುತ್ತಾರೆ. ಸಂಜೆ ಪಾಠಕ್ಕೆ ಬಂದ ಮಕ್ಕಳು ಊಟದ ಹೊತ್ತಿಗೂ ಉಳಿದರೆ ಮನೆ ಹೇಗೆ ನಡೆಯುತ್ತಿತ್ತು ಅನ್ನುವುದು ಗೊತ್ತಿರುವುದು ಅವರಿಗೆ.

ಹಳೆಕಡತ

ಮೇಲಿನದಕ್ಕೆ ಒಂದು ತಿದ್ದುಪಡಿ: ಧ್ವನಿ ಮತ್ತು ಫೋಟೊ ಒಟ್ಟಿಗೇ ನಡೆಯಲಿ. ಫೋಟೊದಲ್ಲಿರುವವರನ್ನು ಗುರುತಿಸಬಲ್ಲವರು ಅವರೇ. ಹೆಸರಿಲ್ಲದ ಗುಂಪು ಫೋಟೊ ಮುಂದಿನ ತಲೆಮಾರಿಗೆ ಬರೀ ಮುಖಗಳ ರಾಶಿ. ಪ್ರತಿ ಫೋಟೊಗೆ ಒಂದು ಸಂಖ್ಯೆ ಕೊಡಿ, ಧ್ವನಿಮುದ್ರಣ ನಡೆಯುವಾಗ ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಮುಂದಿನ ಸಾಲು, ಎಡದಿಂದ ಬಲಕ್ಕೆ ಎಂದು ಹೇಳಿಸಿ. ಮೂಲದ ಹಿಂಬದಿಗೆ ಸಂಖ್ಯೆ ಬರೆಯುವುದಾದರೆ ಮೃದು ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ ಒತ್ತು ಮುಂದೆ ಉಬ್ಬಿ ಕಾಣುತ್ತದೆ.

ಅಂಟು ಹಾಳೆಯ ಆಲ್ಬಂ ಫೋಟೊಗಳ ಶತ್ರು. ಫೋಟೊ ಸಲೀಸಾಗಿ ಏಳದಿದ್ದರೆ ಹಲ್ಲಿನ ಸಂದು ಶುಚಿಮಾಡುವ ಮೇಣವಿಲ್ಲದ ದಾರವನ್ನು (ಡೆಂಟಲ್ ಫ್ಲಾಸ್) ಕೆಳಗೆ ತೂರಿಸಿ ಗರಗಸದಂತೆ ಮೆಲ್ಲಗೆ ಆಡಿಸಿ. ಆಗಲೂ ಬರದಿದ್ದರೆ ಎಳೆಯಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ. ಫೋಟೊ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ), ಕಾಗದಪತ್ರ 300, ಸ್ಲೈಡ್ ಮತ್ತು ನೆಗೆಟಿವ್ 3000ಕ್ಕೆ ಕಡಿಮೆಯಿಲ್ಲದಂತೆ. ಕಾಯ್ದಿಡುವ ಪ್ರತಿ ಟಿಫ್ ಕಡತವಾಗಿರಲಿ, ಹಂಚಲು ಚಿಕ್ಕದಾದ ಜೆಪೆಗ್ ಕಡತ. ಬರಹವಿದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ.

ಕಪಾಟಿಗೆ ಕೈ ಹಾಕುವ ಮುನ್ನ ಪ್ರತಿ ಖಾನೆಯ ಫೋಟೊ ತೆಗೆದುಕೊಳ್ಳಿ. ಯಾವ ಕಾಗದದ ಪಕ್ಕ ಯಾವುದಿತ್ತು ಅನ್ನುವುದೇ ಒಂದು ಮಾಹಿತಿ. ಎಲ್ಲ ಪತ್ರ ಒಂದು ಕಡೆ, ಎಲ್ಲ ರಸೀದಿ ಒಂದು ಕಡೆ ಎಂದು ಜೋಡಿಸಿದ ಕೂಡಲೇ ಅದು ಹೋಯಿತು. ಅವರು ಇಟ್ಟ ಕ್ರಮ ಹಾಗೇ ಇರಲಿ, ಪೆಟ್ಟಿಗೆಗೆ ಮತ್ತು ಕಡತಕ್ಕೆ ಸಂಖ್ಯೆ ಮಾತ್ರ ಹಾಕಿ.

ರಬ್ಬರ್ ಬ್ಯಾಂಡ್, ತುಕ್ಕು ಹಿಡಿದ ಗುಂಡುಪಿನ್ನು ತೆಗೆಯಿರಿ. ಪಿನ್ನನ್ನು ಎಳೆದರೆ ಕಾಗದ ಹರಿಯುತ್ತದೆ. ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ತುಂಡು ತೂರಿಸಿ, ಚಪ್ಪಟೆ ಅಲಗಿನಿಂದ ಪಿನ್ನನ್ನು ಎಬ್ಬಿಸಬೇಕು. ಹರಿದದ್ದಕ್ಕೆ ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಖಂಡಿತ ಬೇಡ. ಹಳೆಯ ಫ್ಯಾಕ್ಸ್ ಮತ್ತು ಬಿಸಿಯಿಂದ ಅಚ್ಚಾಗುವ ಉಷ್ಣ ಕಾಗದದ ರಸೀದಿ ಮಾಸುತ್ತವೆ, ಅವನ್ನು ಮೊದಲು ಸ್ಕ್ಯಾನ್ ಮಾಡಿ. ಪೆಟ್ಟಿಗೆಗಳು ಹೊರಗೋಡೆಗೆ ತಾಗಬಾರದು, ನೆಲದಿಂದ ಮೇಲಿರಲಿ. ತೇವಾಂಶ ಶೇಕಡ 35ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 60 ದಾಟಿ ಹಾಗೇ ಉಳಿದರೆ ಬೂಷ್ಟು ಬರುವ ಭಯ.

ಎಸೆಯುವ ವಿಚಾರ. ಪ್ರಕಟವಾದ ಲೇಖನದ ಬಿಡಿ ಪ್ರತಿಗಳು ಎರಡು ಸಾಕು. ಬೇರೆಯವರ ಲೇಖನಗಳ ಜೆರಾಕ್ಸ್ ರಾಶಿಯನ್ನು ಬಿಡಬಹುದು, ಆದರೆ ಅಂಚಿನಲ್ಲಿ ಅವರ ಕೈಬರಹವಿದೆಯೇ ಎಂದು ಪುಟ ಮಗುಚಿ ನೋಡಿದ ಮೇಲೆ. ತಿದ್ದಿದ ಕರಡು, ತಾವೇ ರೂಪಿಸಿದ ಪಠ್ಯಕ್ರಮ, ದಿನಚರಿ, ವಾಚನಾಲಯದ ಎರವಲು ಪುಸ್ತಕ, ಸಂಘದ ನಡಾವಳಿ, ಅರ್ಜಿಗಳ ಕಾರ್ಬನ್ ಪ್ರತಿ ಎಸೆಯಬಾರದವು. ಕಾಗದವೇ ಇಲ್ಲ ಅಂದಿರಲ್ಲ, ಪಾಠದ ಟಿಪ್ಪಣಿಯ ಹಾಳೆಗಳ ಹಿಂಬದಿ ನೋಡಿ. ನಾಳೆ ಯಾರಿಗೆ ಏನು ಬರೆದುಕೊಡಬೇಕು ಅನ್ನುವ ಪಟ್ಟಿಗಳು ಅಂಥ ಕಡೆಯೇ ಸಿಗುವುದು.

ವಿದ್ಯಾರ್ಥಿಗಳ ಅಂಕಪಟ್ಟಿ, ಉತ್ತರ ಪತ್ರಿಕೆ, ಪ್ರಬಂಧ ಪರೀಕ್ಷಕರ ಗೋಪ್ಯ ವರದಿ, ಆಯ್ಕೆ ಸಮಿತಿಯ ಕಾಗದ ಸಿಕ್ಕರೆ ಬೇರೆ ಲಕೋಟೆಗೆ ಹಾಕಿ ಅವರ ಕೈಗೇ ಕೊಡಿ. ಏನು ಮಾಡಬೇಕೆಂದು ಅವರೇ ಹೇಳಲಿ. ಬಂದ ಪತ್ರದ ಕಾಗದ ಪಡೆದವರದ್ದು, ಅದನ್ನು ಪ್ರಕಟಿಸುವ ಹಕ್ಕು ಬರೆದವರದ್ದು. ಇದನ್ನು ಮರೆತು ಪತ್ರಗಳನ್ನು ಜಾಲದಲ್ಲಿ ಹಾಕಬೇಡಿ.

ಪುಸ್ತಕಗಳನ್ನು ಮೂಟೆ ಕಟ್ಟಿ ಗ್ರಂಥಾಲಯದ ಬಾಗಿಲಿಗೆ ಒಯ್ಯುವುದು ವ್ಯರ್ಥ. ಶೀರ್ಷಿಕೆ, ಲೇಖಕ, ಇಸವಿ, ಸ್ಥಿತಿ ಇಷ್ಟು ಬರೆದ ಪಟ್ಟಿ ಮೊದಲು ಕಳಿಸಿ, ಅವರಲ್ಲಿ ಇಲ್ಲದ್ದನ್ನು ಅವರೇ ಆರಿಸಿಕೊಳ್ಳುತ್ತಾರೆ.

ಅಕ್ಷರಪಟ

ಕ್ಯಾಸೆಟ್, ಫ್ಲಾಪಿ, ಹಳೆಯ ಕಡತಗಳ ಬಗ್ಗೆ.

ಕ್ಯಾಸೆಟ್ಟಿನ ಮೇಲಂಚಿನ ಎರಡು ಚಿಕ್ಕ ತುಂಡುಗಳನ್ನು ಮುರಿಯಿರಿ, ಆಗ ತಪ್ಪಿಯೂ ಅದರ ಮೇಲೆ ಮರುಮುದ್ರಣವಾಗುವುದಿಲ್ಲ. ನುಡಿಸುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಬಿಳಿ ಬೂಷ್ಟು ಕಂಡರೆ ನುಡಿಸಬೇಡಿ, ಯಂತ್ರದ ಮೂಲಕ ಉಳಿದ ಕ್ಯಾಸೆಟ್‌ಗಳಿಗೂ ಹತ್ತುತ್ತದೆ. ಯಂತ್ರದಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಸ್ವರ ಮಂಕಾಗಿದ್ದು ಹೆಡ್ ಸ್ವಚ್ಛವಾಗಿದ್ದರೆ ಹೆಡ್ಡಿನ ಕೋನ ಹೊಂದದಿರಬಹುದು. ಪಕ್ಕದ ಚಿಕ್ಕ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ, ಸ್ವರ ಸ್ಪಷ್ಟವಾದ ಕಡೆ ನಿಲ್ಲಿಸಿ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಅಡ್ಡದಾರಿಯಿಲ್ಲ.

ಮೂರೂವರೆ ಇಂಚಿನ ಫ್ಲಾಪಿಯ ಮೂಲೆಯ ಗುಂಡಿ ಸರಿಸಿ ಕಿಂಡಿ ತೆರೆದಿಟ್ಟರೆ ಅದರ ಮೇಲೆ ಬರೆಯಲಾಗದು. ಆಮೇಲೆಯೇ ಯುಎಸ್‌ಬಿ ಫ್ಲಾಪಿ ಡ್ರೈವಿಗೆ ಹಾಕಿ. ಒಂದೊಂದೇ ಕಡತ ತೆರೆಯುತ್ತ ಕೂರಬೇಡಿ, ಇಡೀ ಡಿಸ್ಕಿನ ಯಥಾಪ್ರತಿಯನ್ನು (ಇಮೇಜ್) ಒಂದೇ ಕಡತವಾಗಿ ತೆಗೆದುಕೊಂಡು ಅದರ ಮೇಲೆ ಕೆಲಸ ಮಾಡಿ.

ನುಡಿ, ಬರಹದ ಯೂನಿಕೋಡ್ (ಈಗ ಎಲ್ಲೆಡೆ ಬಳಸುವ ಸಮಾನ ಅಕ್ಷರ ಸಂಕೇತ) ಅಲ್ಲದ ಕಡತಗಳು ಆ ಫಾಂಟ್ ಇಲ್ಲದಿದ್ದರೆ ಗೋಜಲಾಗಿ ಕಾಣುತ್ತವೆ. ಮೂಲ ಕಡತ ಹಾಗೇ ಇಟ್ಟು, ಸರಿಯಾದ ಫಾಂಟಿನಲ್ಲಿ ತೆರೆದು ಒಂದು ಪಿಡಿಎಫ್ ಮಾಡಿ, ಆಮೇಲೆ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ. ಎಡವಟ್ಟಾಗುವುದು ಎರಡು ಕಡೆ. ಅರ್ಕಾವತ್ತನ್ನು ಹಳೆಯ ಫಾಂಟ್ ಅಕ್ಷರದ ನಂತರ ಇಡುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ "ವರ್ಷ", "ಕಾರ್ಯ", "ಅರ್ಥ" ಇಂಥ ಪದಗಳನ್ನು ಹುಡುಕಿ ನೋಡಿ. ಇನ್ನೊಂದು, ನಡುವೆ ಬಂದ ಇಂಗ್ಲಿಷ್ ಪದ ಮತ್ತು ಗಣಿತದ ಚಿಹ್ನೆಗಳೂ ಕನ್ನಡ ಅಕ್ಷರವಾಗಿ ಬದಲಾಗಿಬಿಡುತ್ತವೆ. ಅದಕ್ಕೇ ಆ ಪಿಡಿಎಫ್ ಪಕ್ಕದಲ್ಲಿರಬೇಕು.

ಕಡತದ ಹೆಸರು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಶುರುವಾಗಲಿ, ತಾನಾಗಿ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಲ್ಲಿ. ಪೆನ್‌ಡ್ರೈವನ್ನು ಈ ಮೂರರಲ್ಲಿ ಎಣಿಸಬೇಡಿ. ವಿಶ್ವವಿದ್ಯಾಲಯದ ಇಮೇಲ್ ಇನ್ನೂ ತೆರೆಯುವಂತಿದ್ದರೆ ಇವತ್ತೇ ಪೂರ್ತಿ ಇಳಿಸಿಕೊಳ್ಳಿ, ಅದು ಯಾವಾಗ ಬೇಕಾದರೂ ಮುಚ್ಚಬಹುದು.

ಮನೆಕಪಾಟು

ಎಲ್ಲರಿಗೂ ಧನ್ಯವಾದ. ಎರಡು ತೊಡಕು ಉಳಿದಿವೆ. "ನನ್ನದೇನಿದೆ ದಾಖಲಿಸುವಂಥದ್ದು" ಎಂದು ಅವರು ಹಿಂದೆ ಸರಿಯುತ್ತಿದ್ದಾರೆ. ಜೊತೆಗೆ ಅರ್ಜಿ ಬರೆಸಿಕೊಂಡವರ ಕಷ್ಟಗಳೆಲ್ಲ ಮಾತಿನಲ್ಲಿ ಬಂದರೆ ಏನು ಮಾಡುವುದು?

ಧ್ವನಿಸುರುಳಿ

ಒಪ್ಪದಿದ್ದರೆ ಕದ್ದು ಮುದ್ರಿಸಬೇಡಿ, ಅದರಿಂದ ನಂಬಿಕೆಯೇ ಹೋಗುತ್ತದೆ. ಅವರ ಬಗ್ಗೆ ಅಂತ ಕೇಳುವುದನ್ನು ಬಿಟ್ಟು ವಾಚನಾಲಯದ ಬಗ್ಗೆ, ಅಲ್ಲಿಗೆ ಬಂದವರ ಬಗ್ಗೆ ಕೇಳಿ. ತಮ್ಮ ಬಗ್ಗೆ ಹೇಳಲು ಸಂಕೋಚಪಡುವವರು ಬೇರೆಯವರ ಬಗ್ಗೆ ಧಾರಾಳವಾಗಿ ಹೇಳುತ್ತಾರೆ, ಆ ಮಾತಿನೊಳಗೆ ಅವರೂ ಇರುತ್ತಾರೆ. ಬರಹರೂಪವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಟ್ಟು, ಬೇಡದ್ದನ್ನು ಹೊಡೆದುಹಾಕುವ ಅಧಿಕಾರ ಅವರದ್ದೇ ಎಂದು ಮೊದಲೇ ಹೇಳಿ. ಉತ್ತರ ಪತ್ರಿಕೆ ತಿದ್ದಿದ ಕೈ ಅದು, ಕೆಂಪು ಪೆನ್ನೂ ಕೊಡಿ. ಅಂಚಿನಲ್ಲಿ ಅವರು ಸೇರಿಸುವ ಸಾಲುಗಳು ಮೂಲಕ್ಕಿಂತ ಹೆಚ್ಚು ಬೆಲೆಬಾಳುತ್ತವೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಯಂತ್ರ ಮಾಡಿಕೊಟ್ಟ ಕರಡಿನಲ್ಲಿ ವ್ಯಕ್ತಿ, ಊರುಗಳ ಹೆಸರು ಮತ್ತು ಆಡುನುಡಿ ತಪ್ಪಿರುತ್ತವೆ, ಕೇಳಿಕೊಂಡೇ ತಿದ್ದಬೇಕು.

ಹಳೆಕಡತ

ಯಾರು ಕೇಳಬಹುದು, ಯಾವಾಗಿನಿಂದ, ಎಲ್ಲಿ ಇಡಬೇಕು: ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಅವರ ಸಹಿ ಹಾಕಿಸಿ. ಕೆಲವು ಭಾಗವನ್ನು ಇಷ್ಟು ವರ್ಷ ಮುಚ್ಚಿಡಬೇಕು ಎಂದೂ ಬರೆಯಬಹುದು. ಅರ್ಜಿ ಬರೆಸಿಕೊಂಡವರ ಹೆಸರು, ಕಾಯಿಲೆ, ಸಾಲ ಹೊರಗೆ ಹೋಗುವ ಪ್ರತಿಯಲ್ಲಿರಬಾರದು. ಮೂಲ ಧ್ವನಿಯನ್ನು ಕತ್ತರಿಸಬೇಡಿ, ಹಂಚುವ ಪ್ರತಿಯಲ್ಲಿ ಮಾತ್ರ ತೆಗೆಯಿರಿ, ತೆಗೆದ ಜಾಗದ ನಿಮಿಷ, ಸೆಕೆಂಡು ಬರೆದಿಡಿ. ಹೆಸರು ಬಿಟ್ಟರೂ ಎಂಥ ಅರ್ಜಿ, ಎಷ್ಟು ಸಲ ತಿರಸ್ಕೃತವಾಯಿತು, ಯಾವ ಕಾಗದವಿಲ್ಲದೆ ನಿಂತುಹೋಯಿತು, ಅವರು ಯಾವ ವಾಕ್ಯ ಬದಲಾಯಿಸಿದ ಮೇಲೆ ಮುಂದೆ ಹೋಯಿತು ಎಂಬುದು ಪೂರ್ತಿ ಇರಲಿ. ಕಾರ್ಬನ್ ಪ್ರತಿ ಸಿಕ್ಕರೆ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಸ್ಕ್ಯಾನ್ ಮಾಡಿ ಜೊತೆಗಿಡಿ.