ಕೋವಿಯೊಂದಿಗೆ ಗಡಿ ದಾಟಿದವರು ದಯವಿಟ್ಟು ಅನುಭವ ಹೇಳಿ

ಮೈಸೂರಿನ ತಂದೆ:
ಮಗಳಿಗೆ ಇಪ್ಪತ್ತೆರಡು ವರ್ಷ. .22 ರೈಫಲ್‌ನಲ್ಲಿ 50 ಮೀಟರ್ ಸ್ಪರ್ಧಿ. ಮೇ ತಿಂಗಳ ಸ್ಪರ್ಧೆಗೆ ಜರ್ಮನಿಯ ಕ್ಲಬ್ಬೊಂದು ಆಹ್ವಾನ ಕಳುಹಿಸಿದೆ. ರಾಷ್ಟ್ರೀಯ ತಂಡದ ಜೊತೆ ಹೋಗುತ್ತಿಲ್ಲ, ಖರ್ಚೆಲ್ಲ ನಮ್ಮದೇ. ಪರವಾನಗಿ ಅವಳ ಹೆಸರಿನಲ್ಲೇ ಇದೆ. ಕೇಳಬೇಕಾದದ್ದು ಎರಡು. ಕೊಲ್ಲಿ ದೇಶದಲ್ಲಿ ವಿಮಾನ ಬದಲಿಸಿ ಹೋದರೆ ಇಬ್ಬರಿಗೆ ಮೂವತ್ತು ಸಾವಿರ ಉಳಿಯುತ್ತದೆ. ರೈಫಲ್ ಇರುವಾಗ ಆ ದಾರಿ ಹಿಡಿಯಬಹುದೇ? ಎರಡನೆಯದು ತೋಟಾದ ವಿಷಯ. ಅವಳ ನಳಿಗೆಗೆ ಹೊಂದುವ ಲಾಟ್ (ಒಂದೇ ತಯಾರಿಯ ತೋಟಾಗಳು) ಒಂದನ್ನು ಪರೀಕ್ಷಿಸಿ ಇಟ್ಟುಕೊಂಡಿದ್ದಾಳೆ. ಅದನ್ನೇ ಒಯ್ಯಬೇಕೋ, ಅಲ್ಲಿ ಸಿಕ್ಕಿದ್ದನ್ನು ಕೊಳ್ಳಬೇಕೋ?

ಟ್ರ್ಯಾಪ್ ಆಡುವವನು, ಬೆಂಗಳೂರು:
ಸರ್, ಮೂವತ್ತು ಸಾವಿರ ಉಳಿಸಲು ಹೋಗಿ ನಾನು ಒಂದು ಇಡೀ ಸ್ಪರ್ಧೆಯನ್ನೇ ಕಳೆದುಕೊಂಡೆ. ಟ್ರ್ಯಾಪ್ (ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆ) ಆಡಲು ಇಟಲಿಗೆ ಹೊರಟಿದ್ದೆ, ನಡುವೆ ಒಂದು ನಗರದಲ್ಲಿ ನಾಲ್ಕು ಗಂಟೆ ಕಾಯಬೇಕಿತ್ತು. ಬೆಂಗಳೂರಿನಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಸುಂಕದ ಅಧಿಕಾರಿ ನಳಿಗೆಯ ಮೇಲಿನ ಕ್ರಮಸಂಖ್ಯೆ ನೋಡಿ ರಫ್ತು ಪ್ರಮಾಣಪತ್ರ ಬರೆದುಕೊಟ್ಟರು. ಅದಿಲ್ಲದೆ ಹಿಂದಿರುಗಿದರೆ ನಿಮ್ಮದೇ ಕೋವಿ ಹೊರಗಿನಿಂದ ತಂದ ಮಾಲಾಗಿಬಿಡುತ್ತದೆ. ಎಡವಿದ್ದು ನಡುವಿನ ನಿಲ್ದಾಣದಲ್ಲಿ. ಕೋವಿ ಇಳಿದು ಮತ್ತೊಂದು ವಿಮಾನ ಹತ್ತುವುದಕ್ಕೂ ಆ ದೇಶದ ಅನುಮತಿ ಮೊದಲೇ ಬೇಕಿತ್ತಂತೆ. ವಿಮಾನ ಸಂಸ್ಥೆಗೆ ಮೂರು ಮಿಂಚಂಚೆ ಬರೆದಿದ್ದೆ, ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಉತ್ತರ. ನಾನು ಇಟಲಿ ತಲುಪಿದೆ, ಕೋವಿ ತಲುಪಲಿಲ್ಲ. ಅದು ಬಂದದ್ದು ಐದನೆಯ ದಿನ, ಅರ್ಹತಾ ಸುತ್ತು ಮುಗಿದ ಸಂಜೆ. ಬಾಡಿಗೆಗೆ ಪಡೆದ ಕೋವಿಯ ಹಿಡಿಕೆ ನನ್ನ ಹೆಗಲಿಗೆ ಕೂರಲೇ ಇಲ್ಲ.

ಲೆಕ್ಕ ಇನ್ನೂ ನೆನಪಿದೆ. ಪ್ರವೇಶ ಶುಲ್ಕ 21,000. ವಾಸ ಮತ್ತು ಊಟ 64,000. ಬಾಡಿಗೆ ಕೋವಿಗೆ ದಿನಕ್ಕೆ 4,500ರಂತೆ ಮೂರು ದಿನ. ಕೋವಿ ತರಲು ನಿಲ್ದಾಣಕ್ಕೆ ಹೋಗಿ ಬಂದ ಟ್ಯಾಕ್ಸಿಗೆ 11,200. ಮುರಿದ ಬೀಗಕ್ಕೆ ಯಾರೂ ಹೊಣೆ ಹೊರಲಿಲ್ಲ.

ತೋಟಾದಲ್ಲೂ ಪೆಟ್ಟು ತಿಂದೆ. ವಿಮಾನದಲ್ಲಿ ತಲೆಗೆ ಐದು ಕಿಲೋ ತೋಟಾ, ಪೆಟ್ಟಿಗೆಯ ತೂಕ ಸೇರಿ. ಇಬ್ಬರ ಪಾಲನ್ನು ಒಂದೇ ಪೆಟ್ಟಿಗೆಯಲ್ಲಿ ಕೂಡಿಸುವಂತಿಲ್ಲ. ಹನ್ನೆರಡು ಬೋರಿನ (ನಳಿಗೆಯ ಅಳತೆ) ಇಪ್ಪತ್ತೈದು ತೋಟಾಗಳ ಡಬ್ಬಿ ಹೆಚ್ಚು ಕಡಿಮೆ ಒಂದು ಕಿಲೋ ತೂಗುತ್ತದೆ. ಅಂದರೆ ಐದು ಡಬ್ಬಿ, 125 ತೋಟಾ. ಟ್ರ್ಯಾಪ್ ಅರ್ಹತಾ ಸುತ್ತಿನಲ್ಲಿ ಗುರಿಗಳೇ 125, ಒಂದೊಂದಕ್ಕೆ ಎರಡು ಗುಂಡಿನ ಅವಕಾಶ. ಅಭ್ಯಾಸಕ್ಕೆ ಏನು ಉಳಿಯುತ್ತದೆ?

ಕ್ಯಾಲ್ಗರಿ, ಮೂಲ ಗೋಣಿಕೊಪ್ಪಲು:
ನನ್ನನ್ನು ಹಿಂದಕ್ಕೆ ಕಳುಹಿಸಿದ್ದು ಒಂದು ಅಕ್ಷರ. ನಾನು ಕೆನಡಾದ ಕಾಯಂ ನಿವಾಸಿ, ಪಾಸ್‌ಪೋರ್ಟ್ ಭಾರತದ್ದು. ಇಲ್ಲಿನ ಕೋವಿ ಪರವಾನಗಿ ಪಡೆದು ಆರು ವರ್ಷವಾಗಿದೆ. ಮೊಂಟಾನಾಕ್ಕೆ ಹೋಗಿ ಫೆಸೆಂಟ್ ಹಕ್ಕಿ ಬೇಟೆಯಾಡಬೇಕೆಂಬ ಆಸೆಗೆ ಎರಡು ವರ್ಷ ಹಣ ಕೂಡಿಟ್ಟಿದ್ದೆ. ಅಮೆರಿಕಕ್ಕೆ ತಾತ್ಕಾಲಿಕವಾಗಿ ಹೋಗುವ ಪರದೇಶಿಯ ಕೈಯಲ್ಲಿ 6ಎನ್‌ಐಎ ನಮೂನೆಯ ಅನುಮತಿ ಇರಬೇಕು. ಅದರ ಜೊತೆಗೆ ಅಲ್ಲಿನ ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಅಥವಾ ಸ್ಪರ್ಧೆಯ ಆಹ್ವಾನ. ಏಳು ವಾರ ಕಾದು ಎರಡನ್ನೂ ಪಡೆದೆ. ಮುನ್ನೂರು ಕಿಲೋಮೀಟರ್ ಓಡಿಸಿಕೊಂಡು ಕೂಟ್ಸ್ ಗಡಿಗೆ ಹೋದೆ. ಆ ಕಡೆಯ ಅಧಿಕಾರಿ ಟಾರ್ಚ್ ಹಿಡಿದು ನಳಿಗೆಯ ಕೆಳಗಿನ ಸಂಖ್ಯೆ ಓದಿದರು, ಕಾಗದ ನೋಡಿದರು, ಮತ್ತೆ ಓದಿದರು. ನಳಿಗೆಯ ಮೇಲೆ 'ಬಿ' ಇತ್ತು. ಅರ್ಜಿಯಲ್ಲಿ ನಾನು '8' ಎಂದು ಬರೆದಿದ್ದೆ.

ಅವರು ಕಟುವಾಗಿ ಮಾತಾಡಲಿಲ್ಲ. 'ಇದು ಈ ಕಾಗದದಲ್ಲಿರುವ ಕೋವಿಯಲ್ಲ' ಎಂದರು, ಅಷ್ಟೇ. ಆ ರಾತ್ರಿ ಲೆತ್‌ಬ್ರಿಡ್ಜ್‌ನ ಹೋಟೆಲಿಗೆ 148 ಡಾಲರ್. ಮಾರ್ಗದರ್ಶಿಗೆ ಮುಂಗಡ ಕೊಟ್ಟಿದ್ದ 900 ಅಮೆರಿಕನ್ ಡಾಲರ್ ಹಿಂದೆ ಬರಲಿಲ್ಲ. ಮೊಂಟಾನಾ ಪರವಾನಗಿಯ ಹಣವೂ ಹೋಯಿತು. ಕೆನಡಾದ ಸುಂಕದವರಿಂದ ಬಿಎಸ್‌ಎಫ್‌ 407 ಎಂಬ, ಕೋವಿ ಇಲ್ಲಿಂದಲೇ ಹೋದದ್ದೆಂದು ತೋರಿಸುವ ಚೀಟಿ ಮಾಡಿಸಿಕೊಂಡಿದ್ದರಿಂದ ಕೋವಿಯನ್ನು ಮನೆಗೆ ತರಲು ಮಾತ್ರ ತೊಂದರೆಯಾಗಲಿಲ್ಲ. ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಈ ಬಾರಿ ಹೆಂಡತಿ ಕೋವಿ ನೋಡಿ ಒಂದೊಂದೇ ಅಂಕಿ ಓದಿದಳು, ನಾನು ಬರೆದೆ. ಆಮೇಲೆ ನಾನು ಓದಿದೆ, ಅವಳು ತಾಳೆ ನೋಡಿದಳು. ಹೋಗಿ ಬಂದೆ. ಐದು ಹಕ್ಕಿ.

ಅಮೆರಿಕದಿಂದ ಇತ್ತ ಬರುವವರಿಗೂ ಒಂದು ಮಾತು. ಆರ್‌ಸಿಎಂಪಿ 5589 ನಮೂನೆಯನ್ನು (ಕೋವಿ ತರುವವರ ಘೋಷಣೆ) ಮನೆಯಲ್ಲೇ ತುಂಬಿ, ಆದರೆ ಸಹಿಯನ್ನು ಅಧಿಕಾರಿಯ ಎದುರಿಗೇ ಹಾಕಿ. ಶುಲ್ಕ 25 ಕೆನಡಿಯನ್ ಡಾಲರ್, ಅರವತ್ತು ದಿನ ನಡೆಯುತ್ತದೆ. ಪಿಸ್ತೂಲಿಗೆ ಈ ಚೀಟಿ ಒಂದೇ ಸಾಲದು.

ಬರ್ಮಿಂಗ್‌ಹ್ಯಾಮ್‌ನಿಂದ:
ಸಹಿಯ ವಿಷಯ ಸತ್ಯ. ದಕ್ಷಿಣ ಆಫ್ರಿಕಾದಲ್ಲೂ ಹಾಗೆಯೇ. ಎಸ್‌ಎಪಿಎಸ್ 520 ಎಂಬ ಪೊಲೀಸ್ ನಮೂನೆ, ಕಪ್ಪು ಶಾಯಿ, ಸಹಿ ಪೊಲೀಸರ ಎದುರಿನಲ್ಲಿ. ನಾನು .30-06 ರೈಫಲ್ ಒಯ್ದೆ. ಒಂದು ಕೋವಿಗೆ 200 ಗುಂಡುಗಳವರೆಗೆ ಬಿಡುತ್ತಾರೆ, ನಾನು ಅರವತ್ತು ಒಯ್ದೆ, ಅವೇ ಹೆಚ್ಚಾದವು. ಆಹ್ವಾನ ಪತ್ರ, ಬೇಟೆಯ ಉದ್ದೇಶ ತಿಳಿಸುವ ಪತ್ರ, ಹೋಗಿ ಬರುವ ಟಿಕೆಟ್, ಪರವಾನಗಿಯ ದೃಢೀಕೃತ ಪ್ರತಿ, ಎಲ್ಲವನ್ನೂ ಇದೇ ಕ್ರಮದಲ್ಲಿ ಜೋಡಿಸಿ ಕೊಟ್ಟೆ. ಜೊಹಾನ್ಸ್‌ಬರ್ಗ್‌ನ ಕಿಟಕಿಯಲ್ಲಿ ಇಪ್ಪತ್ತೆರಡು ನಿಮಿಷ. ನನ್ನ ಮುಂದೆ ನಿಂತಿದ್ದವರು ನೀಲಿ ಶಾಯಿಯಲ್ಲಿ ಬರೆದು ತಂದು, ಮೊದಲಿನಿಂದ ಬರೆಯುತ್ತ ಕುಳಿತಿದ್ದರು. ಮೂರನೆಯ ದಿನ ಬೆಳಿಗ್ಗೆ ಕುಡು ಎಂಬ ದೊಡ್ಡ ಹುಲ್ಲೆ ಸಿಕ್ಕಿತು. ಅಪ್ಪನಿಗೆ ಚಿತ್ರ ಕಳುಹಿಸಿದೆ, ಅವರ ಕಣ್ಣಲ್ಲಿ ನೀರು ಬಂದಿತ್ತಂತೆ.

ಯುರೋಪಿಗೆ ಮೊದಲು ನಾವು ಯುರೋಪಿನ ಕೋವಿ ಪಾಸ್ ಹಿಡಿದು ಸಲೀಸಾಗಿ ಹೋಗುತ್ತಿದ್ದೆವು. 2021ರ ಜನವರಿಯಿಂದ ಬ್ರಿಟನ್‌ನಲ್ಲಿರುವವರಿಗೆ ಅದು ನಡೆಯುವುದಿಲ್ಲ. ಮೈಸೂರಿನವರು ಆ ಪಾಸಿನ ಆಸೆ ಇಟ್ಟುಕೊಳ್ಳಬೇಡಿ, ಅದು ಭಾರತದಲ್ಲಿ ವಾಸಿಸುವವರಿಗೆ ಸಿಗುವುದಿಲ್ಲ. ಜರ್ಮನಿಯ ಅನುಮತಿ ಗಡಿ ಮುಟ್ಟುವ ಮೊದಲೇ ಕೈಯಲ್ಲಿರಲಿ.

ಶಿವಮೊಗ್ಗದ ಓದುಗಿ:
ಒಬ್ಬ ತಂದೆ ಮಗಳ ಕ್ರೀಡೆಯ ಬಗ್ಗೆ ಕೇಳಿದ್ದಾರೆ. ನೀವು ಸತ್ತ ಕುಡುವಿನ ಚಿತ್ರದ ಬಗ್ಗೆ ಬರೆಯುತ್ತಿದ್ದೀರಿ. 1972ರ ವನ್ಯಜೀವಿ ಕಾಯ್ದೆಯಡಿ ನಮ್ಮ ದೇಶದಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಹಣ ಕೊಟ್ಟು ಬೇರೆಯವರ ಕಾಡಿನಲ್ಲಿ ಅದನ್ನೇ ಮಾಡಿ ಬಂದು ಹೆಮ್ಮೆಪಡುವುದನ್ನು ಓದಿ ನನಗೆ ಸಂಕಟವಾಯಿತು.

ಬರ್ಮಿಂಗ್‌ಹ್ಯಾಮ್‌ನಿಂದ:
ನಾನು ಕಾನೂನು ಮೀರಿಲ್ಲ. ಆ ಪ್ರಾಣಿಯ ಮಾಂಸ ಒಂದು ತುಂಡೂ ವ್ಯರ್ಥವಾಗಲಿಲ್ಲ, ಅಲ್ಲಿನ ಕೆಲಸಗಾರರ ಮನೆಗಳಿಗೆ ಹೋಯಿತು. ನಿಮಗೆ ಹಿಡಿಸದಿದ್ದರೆ ಓದಬೇಡಿ. ಕಾಗದಪತ್ರದ ವಿಷಯದಲ್ಲಿ ನಾನು ತಪ್ಪು ಹೇಳಿದ್ದರೆ ತಿದ್ದಿ.

ಶಿವಮೊಗ್ಗದ ಓದುಗಿ:
ಕಾಗದ ಸರಿಯಿದ್ದರೆ ಮನಸ್ಸೂ ಸರಿಯಿದೆ ಎಂದಾಗುವುದಿಲ್ಲ.

ಸಕಲೇಶಪುರದ ಕಾಫಿ ಬೆಳೆಗಾರ:
ನೀವೆಲ್ಲ ಹೋಗಿ ಬರುವವರು. ನಾನು ಶಾಶ್ವತವಾಗಿ ಊರಿಗೆ ಮರಳಿದವನು. ಹೂಸ್ಟನ್‌ನಲ್ಲಿ ಹನ್ನೊಂದು ವರ್ಷ ಇದ್ದು 2021ರಲ್ಲಿ ತೋಟ ನೋಡಿಕೊಳ್ಳಲು ಬಂದೆ. ವಾಸ ಬದಲಿಸಿ ಬರುವವರು ಒಂದು ಕೋವಿ ತರಬಹುದು. ಅದನ್ನು ಹೊರದೇಶದಲ್ಲಿ ಕನಿಷ್ಠ ಒಂದು ವರ್ಷ ಇಟ್ಟುಕೊಂಡು ಬಳಸಿರಬೇಕು, ಬೋರು ಇಲ್ಲಿ ಅನುಮತಿ ಇರುವಂಥದ್ದಾಗಿರಬೇಕು, ಸುಂಕ ಕಟ್ಟಬೇಕು, ಬದುಕಿರುವವರೆಗೂ ಮಾರುವಂತಿಲ್ಲ, ಎರವಲು ಕೊಡುವಂತಿಲ್ಲ. ಇವೆಲ್ಲ ನನಗೆ ಗೊತ್ತಿತ್ತು. ಇಲ್ಲಿನ ಪರವಾನಗಿಯಲ್ಲಿ ಅದಕ್ಕೆ ಜಾಗ ಬೇಕೆಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಶಸ್ತ್ರಾಸ್ತ್ರ ಕಾಯ್ದೆಯ 2019ರ ಡಿಸೆಂಬರ್ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಕೋವಿಯ ಮಿತಿ ಎರಡಕ್ಕೆ ಇಳಿಯಿತು. ನನ್ನ ಹೆಸರಿಗೆ ಆಗಲೇ ಎರಡು ಇದ್ದವು. ಅಪ್ಪನ ಜೋಡು ನಳಿಗೆಯದು, ಅಜ್ಜನ ಮದ್ದು ತುಂಬುವ ಒಂಟಿ ನಳಿಗೆಯದು. ಅಮೆರಿಕದ ಹನ್ನೆರಡು ಬೋರಿನ ಕೋವಿ ಸುಂಕದ ಗೋದಾಮಿನಲ್ಲಿ ಕೂತಿತು. ಕಚೇರಿಯಿಂದ ಕಚೇರಿಗೆ ಒಟ್ಟು ಹದಿನೇಳು ಸಲ ಅಲೆದೆ. ದಿನಾಂಕಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಒಂದು ಕಡೆ 'ಮೊದಲು ಕೋವಿ ಬಿಡಿಸಿಕೊಂಡು ಬನ್ನಿ, ಆಮೇಲೆ ಪರವಾನಗಿಯಲ್ಲಿ ನಮೂದಿಸುತ್ತೇವೆ' ಎಂದರು. ಇನ್ನೊಂದು ಕಡೆ 'ಮೊದಲು ನಮೂದಿಸಿಕೊಂಡು ಬನ್ನಿ, ಆಮೇಲೆ ಬಿಡುತ್ತೇವೆ' ಎಂದರು. ಹೀಗೆ ಹನ್ನೊಂದು ತಿಂಗಳು. ಸುಂಕ, ಗೋದಾಮು ಬಾಡಿಗೆ, ಏಜೆಂಟರ ಶುಲ್ಕ, ಬೆಂಗಳೂರಿನ ಓಡಾಟ ಎಲ್ಲ ಸೇರಿ 1,86,400 ರೂಪಾಯಿ. ಹೂಸ್ಟನ್‌ನಲ್ಲಿ ಆ ಕೋವಿ ಕೊಂಡದ್ದು 640 ಡಾಲರಿಗೆ.

ಕೊನೆಗೆ ಅಜ್ಜನ ಕೋವಿಯನ್ನು ವ್ಯಾಪಾರಿಗೆ ಕೊಟ್ಟೆ. ಆರು ಸಾವಿರ ಎಣಿಸಿ ಕೊಟ್ಟರು. ಅದರ ಹಿಡಿಕೆಯಲ್ಲಿ ಅಜ್ಜನ ಕೆನ್ನೆ ತಾಗಿ ತಾಗಿ ನುಣುಪಾಗಿದ್ದ ಒಂದು ಜಾಗವಿತ್ತು. ಅಮ್ಮ ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಹೊರಗಿನಿಂದ ಕೋವಿ ತರಬೇಕೆಂದಿರುವವರೇ, ಅಲ್ಲೇ ಮಾರಿ ಬನ್ನಿ.

ಮಡಿಕೇರಿ ಕಡೆಯ ಜಮ್ಮಾದವನು:
ಬೆಳೆಗಾರರೇ, ನಿಮ್ಮ ನೋವು ಅರ್ಥವಾಗುತ್ತದೆ. ಇದನ್ನು ಓದುತ್ತಿರುವ ನಮ್ಮ ಹುಡುಗರಿಗೂ ಒಂದು ಎಚ್ಚರಿಕೆ. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಸಿಗುವ ವಿನಾಯಿತಿ ಪತ್ರ ಇದ್ದರೆ ಎಲ್ಲಿ ಬೇಕಾದರೂ ಹೋಗಬಹುದೆಂದು ತಿಳಿಯಬೇಡಿ. ಕೊಡಗಿನ ಹೊರಗೆ ಒಂದು ರೈಫಲ್, ಅದಕ್ಕೆ ನೂರು ಗುಂಡು, ಒಂದು ನಯ ನಳಿಗೆಯ ಕೋವಿ, ಅದಕ್ಕೆ ಐನೂರು ತೋಟಾ, ಇದು ಮಿತಿ. ದೇಶದ ಗಡಿ ದಾಟಲು ಅದು ಕೆಲಸಕ್ಕೆ ಬಾರದು. ಗಡಿಯ ಮಾತಿರಲಿ, ದೆಹಲಿಯ ಸ್ಪರ್ಧೆಗೆ ಹೊರಟಾಗ ವಿಮಾನ ನಿಲ್ದಾಣದ ಮೇಜಿನಲ್ಲಿದ್ದ ಹುಡುಗಿ 'ಪರವಾನಗಿ ಸಂಖ್ಯೆ ಹೇಳಿ' ಎಂದು ಎರಡು ಗಂಟೆ ನಿಲ್ಲಿಸಿದಳು. ನನಗೆ ಪರವಾನಗಿ ಇಲ್ಲ, ವಿನಾಯಿತಿ ಇದೆ. ಅದನ್ನು ತುಂಬಲು ಅವಳ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ವಿಮಾನ ಹೋಯಿತು, 9,870 ರೂಪಾಯಿಯ ಟಿಕೆಟ್ಟೂ ಹೋಯಿತು.

ಸಕಲೇಶಪುರದ ಕಾಫಿ ಬೆಳೆಗಾರ:
ನಿಮಗೆ ಜಾಗವಿರದಿದ್ದದ್ದು ಕಂಪ್ಯೂಟರಿನಲ್ಲಿ. ನನಗೆ ಕಾನೂನಿನಲ್ಲೇ ಇರಲಿಲ್ಲ. ನನ್ನ ತೋಟಕ್ಕೂ ಆನೆ ಬರುತ್ತದೆ, ಹಂದಿ ಬರುತ್ತದೆ. ಕೊಡಗಿನ ಎಲ್ಲೆಯಿಂದ ಈಚೆಗೆ ಹುಟ್ಟಿದ್ದಕ್ಕೆ ನಾನು ಅಜ್ಜನ ಕೋವಿ ಕಳೆದುಕೊಳ್ಳಬೇಕು, ನೀವು ಇಟ್ಟುಕೊಳ್ಳಬಹುದು. ಇದು ಯಾವ ನ್ಯಾಯ?

ಮಡಿಕೇರಿ ಕಡೆಯ ಜಮ್ಮಾದವನು:
ಈ ಪ್ರಶ್ನೆಗೆ ಹೈಕೋರ್ಟ್ 2021ರಲ್ಲೇ ಉತ್ತರಿಸಿ ವಿನಾಯಿತಿಯನ್ನು ಎತ್ತಿಹಿಡಿದಿದೆ. ಅದೂ ಶಾಶ್ವತವಾಗಿ ಸಿಕ್ಕಿದ್ದಲ್ಲ, 2029ರ ಅಕ್ಟೋಬರ್‌ವರೆಗೆ. ಕೋವಿಯನ್ನು ನಾವು ಹಂದಿ ಓಡಿಸಲು ಮಾತ್ರ ಇಟ್ಟುಕೊಂಡಿಲ್ಲ. ಆಯುಧ ಪೂಜಿಸುವ ನಮ್ಮ ಹಬ್ಬವಾದ ಕೈಲ್ ಪೊಳ್ದ್ ದಿನ ನಳಿಗೆಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜಿಸುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಡಿ ಎನ್ನುವ ಮಾತು ಏಳುತ್ತದೆ, ಆಗಲೆಲ್ಲ ಮನೆಯ ಹಿರಿಯರನ್ನೇ ಠಾಣೆಗೆ ಕರೆದ ಹಾಗಾಗುತ್ತದೆ. ನಿಮ್ಮ ಸಿಟ್ಟು ಕಾನೂನಿನ ಮೇಲಿರಲಿ, ನಮ್ಮ ಮೇಲೆ ಬೇಡ.

ಸಕಲೇಶಪುರದ ಕಾಫಿ ಬೆಳೆಗಾರ:
ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಕ್ಯಾಲ್ಗರಿ, ಮೂಲ ಗೋಣಿಕೊಪ್ಪಲು:
ನಾನೂ ಕೊಡಗಿನವನೇ. ಅಪ್ಪನ ಕೋವಿ ಐನ್‌ಮನೆಯ (ಕುಲದ ಮೂಲ ಮನೆಯ) ಗೋಡೆಯಲ್ಲೇ ಇದೆ, ಅದನ್ನು ಇಲ್ಲಿಗೆ ತರುವ ಯೋಚನೆಯನ್ನೇ ನಾನು ಮಾಡಲಿಲ್ಲ. ಬೆಳೆಗಾರರ ಮಾತಿನಲ್ಲಿ ನೋವಿದೆ, ಅದಕ್ಕೆ ತೀರ್ಪಿನ ವರ್ಷ ಹೇಳಿ ಬಾಯಿ ಮುಚ್ಚಿಸಬೇಡಿ.

ಮೈಸೂರಿನ ತಂದೆ:
ಎಲ್ಲವನ್ನೂ ಎರಡು ಸಲ ಓದಿದೆ. ನೇರ ವಿಮಾನಕ್ಕೇ ಟಿಕೆಟ್ ಮಾಡಿಸುತ್ತೇನೆ. ತೋಟಾದ ಪ್ರಶ್ನೆ ಹಾಗೆಯೇ ಉಳಿದಿದೆ.

ಟ್ರ್ಯಾಪ್ ಆಡುವವನು, ಬೆಂಗಳೂರು:
ಕ್ಷಮಿಸಿ ಸರ್, ನನ್ನ ಕಥೆಯಲ್ಲೇ ಮುಳುಗಿಬಿಟ್ಟೆ. .22 ಹಗುರ. ಐವತ್ತರ ಡಬ್ಬಿ ಇನ್ನೂರು ಗ್ರಾಂ ಮುಟ್ಟುವುದಿಲ್ಲ. ಹತ್ತು ಡಬ್ಬಿ ಒಯ್ದರೂ ಎರಡು ಕಿಲೋ ಒಳಗೇ. ಪರೀಕ್ಷಿಸಿದ ಲಾಟನ್ನು ಬಿಡಬೇಡಿ. ಆದರೆ ಮರಳುವಾಗ ಉಳಿದದ್ದನ್ನು ತರುವ ಆಸೆ ಬೇಡ. ಸುಂಕದ ನಿಯಮದಲ್ಲಿ ಐವತ್ತು ತೋಟಾ ದಾಟಿದರೆ ಪ್ರಶ್ನೆ ಏಳುತ್ತದೆ. ಲೆಕ್ಕ ಹಾಕಿ ಒಯ್ದು ಅಲ್ಲಿಯೇ ಮುಗಿಸಲಿ. ಬೋಲ್ಟ್ ಬಿಚ್ಚಿ ಇಡಿ, ತೋಟಾಕ್ಕೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಎಷ್ಟು ಒಯ್ಯುತ್ತೀರೆಂದು ವಿಮಾನ ಸಂಸ್ಥೆಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯಿರಿ. 'ಪರಿಶೀಲನೆಯಲ್ಲಿದೆ' ಎಂದು ಬಂದರೆ ಹೊರಡಬೇಡಿ.

ಮೈಸೂರಿನ ತಂದೆ:
ಧನ್ಯವಾದ. ಕ್ಯಾಲ್ಗರಿಯವರು ಹೇಳಿದಂತೆ ನಿನ್ನೆ ರಾತ್ರಿ ಮಗಳು ರೈಫಲ್ ನೋಡಿ ಓದಿದಳು, ನಾನು ಪರವಾನಗಿ ಮತ್ತು ಆಹ್ವಾನ ಪತ್ರ ಎರಡನ್ನೂ ಮುಂದಿಟ್ಟುಕೊಂಡು ತಾಳೆ ನೋಡಿದೆ. ಪರವಾನಗಿ ಸರಿಯಿದೆ. ಆಹ್ವಾನ ಪತ್ರದಲ್ಲಿ ಕೊನೆಯ ಎರಡು ಅಂಕಿಗಳು ಅದಲು ಬದಲಾಗಿವೆ. ಕ್ಲಬ್ಬಿಗೆ ಈಗ ಪತ್ರ ಬರೆಯುತ್ತ ಕುಳಿತಿದ್ದೇವೆ.