ಆಫೀಸ್ ಕ್ಯಾಲೆಂಡರ್ ದಿನವಿಡೀ ಟಿಂಗ್ ಅನ್ನುತ್ತೆ, ನೀವು ಹೇಗೆ ಸಂಭಾಳಿಸ್ತೀರಿ?

ಕೇಳಿದವರು, ಹುಬ್ಬಳ್ಳಿ

ನಮ್ಮದು ಆಡಿಟರ್ ಆಫೀಸ್. 14 ಜನ, ಎಲ್ಲರಿಗೂ ಸೇರಿ ಒಂದೇ ಗೂಗಲ್ ಕ್ಯಾಲೆಂಡರ್. ಜಿಎಸ್‌ಟಿ ಡ್ಯೂ ಡೇಟ್, ಪಾರ್ಟಿಗಳ (ಅಂದರೆ ನಮ್ಮ ಗಿರಾಕಿಗಳ) ಭೇಟಿ, ಯಾರ ರಜೆ, ಯಾರ ಹುಟ್ಟುಹಬ್ಬ, ಎಲ್ಲವೂ ಅದರಲ್ಲೇ. ಬೆಳಗ್ಗೆ ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆಯುವಷ್ಟರಲ್ಲಿ ಫೋನಿನ ತುಂಬ ನೋಟಿಫಿಕೇಶನ್. ಓದದೇ ಪಕ್ಕಕ್ಕೆ ಸರಿಸೋದೇ ರೂಢಿ ಆಗಿಬಿಟ್ಟಿದೆ. ಹೋದ ತಿಂಗಳು ಹಾಗೆ ಸರಿಸಿದ್ದರಲ್ಲಿ ಒಂದು ಪಾರ್ಟಿಯ 3ಬಿ, ಅಂದರೆ ಜಿಎಸ್‌ಟಿ ರಿಟರ್ನ್, ಇತ್ತು. ದಿನಕ್ಕೆ 50 ರೂಪಾಯಿಯಂತೆ ಮೂರು ದಿನದ ಲೇಟ್ ಫೀ. ದುಡ್ಡು ದೊಡ್ಡದಲ್ಲ, ಆದರೆ ಪಾರ್ಟಿ ಮುಂದೆ ತಲೆ ತಗ್ಗಿಸಬೇಕಾಯಿತು. ಕ್ಯಾಲೆಂಡರ್‌ನಿಂದಲೇ ಹೊರಗೆ ಬಂದರೆ ಸರ್ ಬೇಜಾರು ಮಾಡಿಕೊಳ್ಳುತ್ತಾರೆ. ನೀವೆಲ್ಲ ಏನು ಮಾಡ್ತೀರಿ, ಹೇಳಿ.

ಮೈಸೂರಿನಿಂದ

ಮೇಡಂ, ನಾನೂ ಇದೇ ಕಸುಬಿನವನು. ಸೆಟ್ಟಿಂಗ್ಸ್‌ಗೆ ಕೈ ಹಾಕುವ ಮುಂಚೆ ಒಂದು ದಿನ ಸುಮ್ನೆ ಎಣಿಸಿ. ಯಾವ ಟಿಂಗ್ ಎಲ್ಲಿಂದ ಬಂತು ಅಂತ ಒಂದು ಚೀಟಿಯಲ್ಲಿ ಗೀಟು ಹಾಕುತ್ತಾ ಹೋಗಿ. ನಾನು ಹೀಗೆ ಮಾಡಿದಾಗ ಗೊತ್ತಾಯಿತು, ಅರ್ಧಕ್ಕಿಂತ ಜಾಸ್ತಿ ಕ್ಯಾಲೆಂಡರ್‌ನದ್ದಲ್ಲ, ಜಿಮೇಲ್‌ನದ್ದು!

ನಮ್ಮ ಹುಡುಗರು ಏನೇ ಹಾಕಿದರೂ ಇಡೀ ಆಫೀಸನ್ನು ಗೆಸ್ಟ್ ಆಗಿ ಸೇರಿಸುತ್ತಿದ್ದರು. ಕ್ಯಾಲೆಂಡರ್ ಹೇಗೂ ಎಲ್ಲರಿಗೂ ಕಾಣುತ್ತೆ. ಮತ್ತೆ ಮನೆಮನೆಗೆ ಕರೆಯೋಲೆ ಯಾಕೆ? ಗೆಸ್ಟ್ ಅಂತ ಸೇರಿಸಿದರೆ ಒಂದು ಮೇಲ್, ಟೈಮ್ ಬದಲಾದರೆ ಇನ್ನೊಂದು. ಒಂದೇ ಒಂದು ಭೇಟಿಯನ್ನು ಮೂರು ಸಲ ಮುಂದೂಡಿದರೂ ನಿಮ್ಮ 14 ಜನಕ್ಕೆ 42 ಮೇಲ್ ಆಯಿತು. ಸಾಲದ್ದಕ್ಕೆ ಅದು ನಿಮ್ಮ ಸ್ವಂತ ಕ್ಯಾಲೆಂಡರ್‌ಗೂ ಬಂದು ಕೂರುತ್ತೆ, ಅಲ್ಲಿಯ ರಿಮೈಂಡರ್ ಬೇರೆ. ಈಗ ನಮ್ಮಲ್ಲಿ ಭೇಟಿಗೆ ಹೋಗುವವರು ಮಾತ್ರ ಗೆಸ್ಟ್. ಕಾಗುಣಿತ ತಿದ್ದುವಂಥ ಚಿಲ್ಲರೆ ಬದಲಾವಣೆ ಇದ್ದರೆ, ಗೆಸ್ಟ್‌ಗಳಿಗೆ ಮೇಲ್ ಕಳಿಸಬೇಕಾ ಅಂತ ಅದು ಕೇಳುತ್ತಲ್ಲ, ಅಲ್ಲಿ ‘ಡೋಂಟ್ ಸೆಂಡ್’ ಒತ್ತುತ್ತೇವೆ.

ಇನ್ನು ನಿಮ್ಮ ಕೈಯಲ್ಲೇ ಇರುವುದು. ಕಂಪ್ಯೂಟರ್‌ನಲ್ಲಿ ಕ್ಯಾಲೆಂಡರ್ ತೆರೆದು ಸೆಟ್ಟಿಂಗ್ಸ್‌ಗೆ ಹೋಗಿ, ಎಡಗಡೆ ಆಫೀಸ್ ಕ್ಯಾಲೆಂಡರ್‌ನ ಹೆಸರು ಒತ್ತಿ. ‘ಈವೆಂಟ್ ನೋಟಿಫಿಕೇಶನ್ಸ್’, ‘ಆಲ್ ಡೇ ಈವೆಂಟ್ ನೋಟಿಫಿಕೇಶನ್ಸ್’ ಅಂತ ಇರುತ್ತೆ. ಅಲ್ಲಿರುವುದನ್ನೆಲ್ಲ ತೆಗೆದುಹಾಕಿ. ಅದರ ಕೆಳಗೆ ‘ಅದರ್ ನೋಟಿಫಿಕೇಶನ್ಸ್’. ಹೊಸದು ಸೇರಿದರೆ, ಬದಲಾದರೆ, ರದ್ದಾದರೆ ಮೇಲ್ ಕಳಿಸೋದು ಇದೇ ಪುಣ್ಯಾತ್ಮ. ಎಲ್ಲಕ್ಕೂ ‘ನನ್’ (None, ಅಂದರೆ ಯಾವುದೂ ಬೇಡ) ಕೊಡಿ. ಇದು ನಿಮಗೆ ಮಾತ್ರ ಅನ್ವಯ. ಕ್ಯಾಲೆಂಡರ್ ಇದ್ದ ಹಾಗೇ ಇರುತ್ತೆ, ಸರ್‌ಗೆ ಗೊತ್ತೂ ಆಗಲ್ಲ.

ಡ್ಯೂ ಡೇಟ್‌ಗೆ ಮಾತ್ರ ಬೇರೆಯದೇ ಕ್ಯಾಲೆಂಡರ್ ಮಾಡಿಸಿ. 7ಕ್ಕೆ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ), 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್), 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ಅಷ್ಟೇ, ಬೇರೆ ಏನೂ ಅದರೊಳಗೆ ಬರಕೂಡದು. ಸದ್ದು ಮಾಡುವ ಹಕ್ಕು ಅದೊಂದಕ್ಕೇ. ಇಡೀ ದಿನದ ಈವೆಂಟ್‌ಗೆ ‘ಇಷ್ಟು ದಿನ ಮುಂಚೆ, ಇಷ್ಟು ಗಂಟೆಗೆ’ ಅಂತ ರಿಮೈಂಡರ್ ಇಡಬಹುದು. ನಾನು ನಾಲ್ಕು ದಿನ ಮುಂಚೆ ಬೆಳಗ್ಗೆ ಹತ್ತೂವರೆಗೆ ಇಟ್ಟಿದ್ದೇನೆ, ಅಂದರೆ ಟೀ ಮುಗಿಸಿ ಕೂತಿರುವ ಹೊತ್ತು. ಪಾರ್ಟಿಗೆ ಫೋನ್ ಮಾಡಿ ಬಿಲ್ಲು ತರಿಸಿಕೊಳ್ಳೋಕೆ ಅಷ್ಟು ದಿನವಾದರೂ ಬೇಕಲ್ವಾ? 20ನೇ ತಾರೀಕೇ ಬರುವ ರಿಮೈಂಡರ್ ಬರೀ ಗಾಬರಿ ಹುಟ್ಟಿಸುತ್ತೆ.

ಬೆಂಗಳೂರಿನಿಂದ

ನಮ್ಮದು ಐಟಿ, ಔಟ್‌ಲುಕ್. ನಮಗೆ ಕಾಟ ರಜೆಯದ್ದು. ಟೀಮಿನ ಹುಡುಗ ಒಬ್ಬ ಮೂರು ದಿನ ಕುಕ್ಕೆಗೆ ಹೋಗುವವನು ‘ಔಟ್ ಆಫ್ ಆಫೀಸ್’ ಅಂತಲೇ ಗುರುತು ಹಾಕಿ ನಮಗೆಲ್ಲ ಇನ್ವೈಟ್ ಕಳಿಸಿದ. ನಾವೂ ಹಿಂದೆಮುಂದೆ ನೋಡದೆ ಅಕ್ಸೆಪ್ಟ್ ಒತ್ತಿದೆವು. ಕ್ಯಾಲೆಂಡರ್ ಪ್ರಕಾರ ಹನ್ನೊಂದು ಜನವೂ ಕುಕ್ಕೆಗೆ ಹೋದೆವು! ಪಕ್ಕದ ಟೀಮಿನ ಮ್ಯಾನೇಜರ್ ಫೋನ್ ಮಾಡಿ, “ಇಡೀ ಟೀಮೇ ರಜೆ ಹಾಕಿದ್ದೀರಾ?” ಅಂತ ಕೇಳಿದರು.

ಬೇರೆಯವರಿಗೆ ರಜೆ ತಿಳಿಸುವಾಗ ‘ಷೋ ಆಸ್’ ಎಂಬಲ್ಲಿ ‘ಫ್ರೀ’ ಇಡಿ, ರಿಮೈಂಡರ್ ‘ನನ್’ ಮಾಡಿ, ‘ರಿಕ್ವೆಸ್ಟ್ ರೆಸ್ಪಾನ್ಸಸ್’ ಟಿಕ್ ತೆಗೆಯಿರಿ. ರಿಮೈಂಡರ್ ಯಾಕೆ ಅಂದರೆ, ಕಂಪ್ಯೂಟರ್‌ನ ಔಟ್‌ಲುಕ್‌ನಲ್ಲಿ ಇಡೀ ದಿನದ ಈವೆಂಟ್‌ಗೆ ತಾನಾಗೇ 18 ಗಂಟೆ ಮುಂಚಿನ ರಿಮೈಂಡರ್ ಬಂದು ಕೂರುತ್ತೆ. ಲೆಕ್ಕ ಹಾಕಿ, ಹಿಂದಿನ ದಿನ ಬೆಳಗ್ಗೆ ಆರು ಗಂಟೆ. ಯಾರದೋ ರಜೆಗೆ ನಾವು ಯಾಕೆ ಏಳಬೇಕು?

ಶಿವಮೊಗ್ಗದಿಂದ

ಮೈಸೂರಿನವರು ಎಲ್ಲ ತೆಗೆದುಹಾಕಿ ಅಂದಿದ್ದಾರೆ. ಸ್ವಲ್ಪ ತಡೆಯಿರಿ. ನಾನು ಹಾಗೇ ಮಾಡಿ ಒಂದು ವಾರ ಆರಾಮಾಗಿದ್ದೆ. ಗುರುವಾರ ಮಧ್ಯಾಹ್ನದ ಮೀಟಿಂಗ್ ಬೆಳಗ್ಗೆ ಹತ್ತಕ್ಕೆ ಬಂದಿದ್ದು ಗೊತ್ತಾಗಲೇ ಇಲ್ಲ. ಟಿಫಿನ್ ಬಾಕ್ಸ್ ಹಿಡಿದು ಒಳಗೆ ಹೋದರೆ ಎಲ್ಲರೂ ಕುರ್ಚಿ ಬಿಟ್ಟು ಏಳುತ್ತಿದ್ದಾರೆ.

ಈಗ ಅದೇ ‘ಅದರ್ ನೋಟಿಫಿಕೇಶನ್ಸ್’ನಲ್ಲಿ ‘ಡೈಲಿ ಅಜೆಂಡಾ’ ಒಂದನ್ನು ಮಾತ್ರ ಆನ್ ಇಟ್ಟಿದ್ದೇನೆ. ಆ ದಿನ ಏನೇನಿದೆ ಅಂತ ಬೆಳಗಿನ ಜಾವ ಐದಕ್ಕೆ ಒಂದೇ ಮೇಲ್ ಬರುತ್ತೆ. ಬಸ್ಸಿನಲ್ಲಿ ಓದಿಕೊಳ್ಳುತ್ತೇನೆ. ಆಮೇಲೆ ಬದಲಾದರೆ? ಬದಲಾಯಿಸಿದವರೇ ಫೋನ್ ಮಾಡಬೇಕು ಅಂತ ಹೇಳಿಟ್ಟಿದ್ದೇನೆ. ಒಬ್ಬಿಬ್ಬರು ಗೊಣಗಿದರು, ಆದರೆ ಮಾಡುತ್ತಾರೆ. ಒಂದು ಲಾಭ ಏನೆಂದರೆ, ಫೋನ್ ಮಾಡಬೇಕಲ್ಲಾ ಅಂತ ಬದಲಾಯಿಸೋದೇ ಕಡಿಮೆ ಆಗಿದೆ.

ದಾವಣಗೆರೆಯಿಂದ

ನಮ್ಮ ಆಫೀಸಿನಲ್ಲಿ ಈಗಲೂ ಗೋಡೆ ಕ್ಯಾಲೆಂಡರೇ. 20ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು. ನೀರು ಕುಡಿಯೋಕೆ ಹೋದಾಗೆಲ್ಲ ಕಣ್ಣಿಗೆ ಬೀಳುತ್ತೆ. ಸದ್ದಿಲ್ಲ, ಚಾರ್ಜೂ ಬೇಡ.

ಕೇಳಿದವರು, ಹುಬ್ಬಳ್ಳಿ

ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಕೂತು ಎಣಿಸಿದೆ. ಒಟ್ಟು 31. ಅದರಲ್ಲಿ 19 ಜಿಮೇಲ್‌ನದ್ದೇ, ಮೈಸೂರಿನ ಸರ್ ಹೇಳಿದ ಹಾಗೆ. ನನಗೆ ಸಂಬಂಧಪಟ್ಟದ್ದು ಎರಡೇ ಎರಡು.

ಚೀಟಿ ತಗೊಂಡು ಸರ್ ಹತ್ರ ಹೋದೆ. ಯಾರು ಹೀಗೆ ಎಲ್ಲರನ್ನೂ ಗೆಸ್ಟ್ ಮಾಡ್ತಾರೋ ಅಂತ ಶುರು ಮಾಡಿದೆ. ಅವರು ಕನ್ನಡಕ ತೆಗೆದು, “ನಾನೇ ಕಣಮ್ಮಾ, ಎಲ್ಲಾರಿಗೂ ಗೊತ್ತಾಗಲಿ ಅಂತ” ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ 42 ಮೇಲ್‌ನ ಲೆಕ್ಕ ಬರೆದು ತೋರಿಸಿದೆ. ಲೆಕ್ಕದ ಮನುಷ್ಯ, ಅದು ತಟ್ಟನೆ ಹಿಡಿಸಿತು. ಡ್ಯೂ ಡೇಟ್‌ಗೆ ಬೇರೆ ಕ್ಯಾಲೆಂಡರ್ ಅವತ್ತೇ ಆಯಿತು. ಡೈಲಿ ಅಜೆಂಡಾ ನಾನೂ ಹಾಕಿಕೊಂಡೆ.

ಹುಟ್ಟುಹಬ್ಬದ ರಿಮೈಂಡರ್ ಮಾತ್ರ ಯಾರೂ ಆಫ್ ಮಾಡೋ ಹಾಗಿಲ್ಲ ಅಂತ ಆರ್ಡರ್ ಆಗಿದೆ. ಕೇಕ್ ತರಿಸೋರು ಅವರೇ, ಅದಕ್ಕೆ ನಾವೂ ಸುಮ್ಮನಾದೆವು.