ಹುಟ್ಟಿದ ಜಿಲ್ಲೆಯೇ ಬದಲಾಗಿದ್ದರೆ ಅಫಿಡವಿಟ್ ಬೇಕೇ?

ಪ್ರಶ್ನೆ (ಬಾಗಲಕೋಟೆಯಿಂದ):
ಮಗಳ ಜಾತಿ ಪ್ರಮಾಣಪತ್ರದ ಅರ್ಜಿಗೆ ನನ್ನ ಶಾಲೆ ಬಿಟ್ಟ ದಾಖಲೆಯನ್ನು ಲಗತ್ತಿಸಿದ್ದೆ. ನಾನು ಹುಟ್ಟಿದ್ದು 1984ರಲ್ಲಿ. ಹೀಗಾಗಿ ಅದರಲ್ಲಿ ‘ಹುನಗುಂದ ತಾಲ್ಲೂಕು, ಬಿಜಾಪುರ ಜಿಲ್ಲೆ’ ಎಂದಿದೆ. ಆಧಾರ್‌ನಲ್ಲಿ ಬಾಗಲಕೋಟೆ ಜಿಲ್ಲೆ ಎಂದಿರುವುದರಿಂದ, ಎರಡೂ ದಾಖಲೆಗಳ ವ್ಯಕ್ತಿ ನಾನೇ ಎಂದು ಅಫಿಡವಿಟ್ ತರಬೇಕೆಂದು ಗುಮಾಸ್ತರು ಪಟ್ಟು ಹಿಡಿದಿದ್ದಾರೆ. ಅವರು ಲಂಚದ ಆಸಾಮಿಯಲ್ಲ, ಯಾರ ಚಹಾವನ್ನೂ ಮುಟ್ಟುವುದಿಲ್ಲ. ‘ನಿಯಮ ಅಂದರೆ ನಿಯಮ’ ಎಂಬುದೊಂದೇ ಅವರ ಮಾತು. ಇಂಥವರೊಡನೆ ಹೇಗೆ ವ್ಯವಹರಿಸಬೇಕು?

ಉತ್ತರ (ವಿಜಯಪುರದಿಂದ, ನಿವೃತ್ತ ಕಂದಾಯ ನೌಕರ):
1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 2014ರ ನವೆಂಬರ್ 1ರಿಂದ ಬಿಜಾಪುರವು ವಿಜಯಪುರವಾಯಿತು. ಸರ್ಕಾರವೇ ಮಾಡಿದ ಬದಲಾವಣೆಗೆ ನೀವು ಪ್ರಮಾಣ ಮಾಡಿ ಸಾಕ್ಷಿ ಹೇಳಬೇಕೆಂಬುದು ವಿಚಿತ್ರವೇ ಸರಿ. ಆ ದಾಖಲೆಯನ್ನು ತಿದ್ದಿಸಲು ಮಾತ್ರ ಹೋಗಬೇಡಿ, ಏಕೆಂದರೆ ಬರೆದ ದಿನಕ್ಕೆ ಅದು ಸರಿಯಾಗಿಯೇ ಇತ್ತು. ನಿಯಮವನ್ನು ಓದಿಕೊಂಡ ನೌಕರ ಅದರ ಸಂಖ್ಯೆಯನ್ನು ಹೇಳುತ್ತಾನೆ, ಓದದವನು ‘ಮೊದಲಿನಿಂದ ಹೀಗೇ ನಡೆದಿದೆ’ ಎನ್ನುತ್ತಾನೆ ಎಂಬುದು ನಾನು ಕಚೇರಿಯಲ್ಲಿ ಕಂಡದ್ದು (ಮೊದಮೊದಲು ನಾನೂ ಎರಡನೆಯವನೇ ಆಗಿದ್ದೆ). ಆದ್ದರಿಂದ, ಯಾವ ನಿಯಮದಡಿ ಅಫಿಡವಿಟ್ ಬೇಕೆಂಬುದನ್ನು ನಮೂದಿಸಿ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಕೊಡಬೇಕೆಂದು ಲಿಖಿತವಾಗಿ ಕೇಳಿ. ಸ್ವೀಕೃತಿಯಲ್ಲಿರುವ 15 ಅಂಕಿಗಳ ಸಕಾಲ (ನಿಗದಿತ ಅವಧಿಯೊಳಗೆ ಸರ್ಕಾರಿ ಸೇವೆ ಕೊಡಬೇಕೆಂಬ ರಾಜ್ಯದ ವ್ಯವಸ್ಥೆ) ಸಂಖ್ಯೆಯನ್ನೂ ಜೋಪಾನವಾಗಿಡಿ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವಿದೆ. ಮೊತ್ತ ಚಿಕ್ಕದಾದರೂ ತಪ್ಪಿದ ನೌಕರರಿಂದಲೇ ವಸೂಲಾಗುವುದರಿಂದ ಅದಕ್ಕೆ ತೂಕವಿದೆ.

ಉತ್ತರ (ಬೆಳಗಾವಿಯಿಂದ):
ಗುಮಾಸ್ತರ ಕಡೆಯಿಂದಲೂ ಯೋಚಿಸಬೇಕು. ಒಂದು ಕಾಗದ ಹೆಚ್ಚಿಗೆ ಕೇಳಿದ್ದಕ್ಕೆ ಯಾರಿಗೂ ನೋಟಿಸ್ ಬರುವುದಿಲ್ಲ. ಒಂದನ್ನು ಬಿಟ್ಟರೆ ಐದು ವರ್ಷಗಳ ನಂತರವೂ ತನಿಖೆಯಲ್ಲಿ ಸಹಿ ಮಾಡಿದವರ ಹೆಸರು ಹೊರಬರುತ್ತದೆ. ಜಾತಿ ಪ್ರಮಾಣಪತ್ರದ ವಿಷಯದಲ್ಲಂತೂ ಸುಳ್ಳು ದಾಖಲೆಗಳ ಭಯ ಖರೆ. ಮೊದಲಿಗೇ ಹಿಂಬರಹ ಕೇಳಿದರೆ ಅದು ಜಗಳದಂತೆ ಕಾಣಬಹುದು. ಜಿಲ್ಲಾ ವಿಭಜನೆಯ ಅಧಿಸೂಚನೆಯ ಪ್ರತಿಯೊಂದನ್ನು ಕೊಟ್ಟು ನೋಡಿ. ಫೈಲಿನಲ್ಲಿ ಅವರನ್ನು ಕಾಯುವ ಕಾಗದ ನಿಮ್ಮ ಅಫಿಡವಿಟ್ಟೇ ಆಗಬೇಕೆಂದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಧಿಸೂಚನೆಯ ಪ್ರತಿಯನ್ನು ಅವರು ಎರಡು ಸಲ ಓದಿ ಫೈಲಿಗೆ ಸೇರಿಸಿಕೊಂಡರು, ಅಫಿಡವಿಟ್ ಬೇಡವೆಂದರು. ಆದರೆ ನಮ್ಮೂರು ಈಗ ಹುನಗುಂದ ಬಿಟ್ಟು ಇಳಕಲ್ ತಾಲ್ಲೂಕಿಗೆ ಸೇರಿದೆಯಲ್ಲ, ಅದರ ಅಧಿಸೂಚನೆಯೂ ಬೇಕಂತೆ. ಹುಡುಕುತ್ತಿದ್ದೇನೆ.